ಅಯಾನಿಕ ದ್ರವಗಳೂ ದೊಡ್ಡ ಔಷಧಾಣುಗಳೂ: ಇನ್ಸುಲಿನ್ನನ್ನು ಬಾಯಿಯ ಮೂಲಕ ಕೊಡುವ ಪ್ರಯತ್ನ

1. ಪೀಠಿಕೆ

1922ನೆಯ ಇಸವಿಯ ಜನವರಿ ತಿಂಗಳಿನಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊತ್ತಮೊದಲು ಇನ್ಸುಲಿನ್ನನ್ನು ಚುಚ್ಚುಮದ್ದಿನ ರೂಪದಲ್ಲಿ ಕೊಡಲಾಯಿತು. ಸಾವಿನ ಅಂಚಿನಲ್ಲಿದ್ದ ಬಾಲಕನು ಚೇತರಿಸಿಕೊಂಡನು. ಈ ಔಷಧವನ್ನು ಕಂಡುಹಿಡಿದುದಕ್ಕಾಗಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ 1923ರಲ್ಲಿ ನೊಬೆಲ್ ಪಾರಿತೋಷಕವು ದೊರೆತ ಸಂಗತಿ ವಾಚಕರಿಗೆ ತಿಳಿದದ್ದೇ ಆಗಿದೆ. ಅಂದಿನಿಂದ ಇಂದಿನವರೆಗೆ ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಕಳೆದಿದೆ. ಇನ್ಸುಲಿನ್ನಿನ ರಚನೆ ತಿಳಿಯಿತು. ಅದನ್ನು ದನ ಮತ್ತು ಹಂದಿಗಳ ಮೇದೋಜೀರಕಾಂಗದಿಂದ ತೆಗೆಯುವ ಬದಲು ಸೂಕ್ಷ್ಮಾಣುಜೀವಿಗಳಿಂದ ತಯಾರಿಸುವ ವಿಧಾನ ಬಂದಿತು. ಅದರ ಹಲವು ಮಾರ್ಪಾಡುಗಳು ಬಳಕೆಗೆ ಬಂದುವು. ಆದರೆ ಸೂಜಿ ಮಾತ್ರ ಹೋಗಲಿಲ್ಲ.

ಸೂಜಿಯನ್ನು ತಪ್ಪಿಸುವ ಯತ್ನವೂ ಹೊಸದಲ್ಲ. ಇನ್ಸುಲಿನ್ನನ್ನು ಮದ್ಯಸಾರದಲ್ಲಿ ಬೆರೆಸಿ ಬಾಯಿಯ ಮೂಲಕ ಕೊಡುವ ಪ್ರಯೋಗಗಳು 1923ರಷ್ಟು ಹಿಂದೆಯೇ ನಡೆದಿದ್ದುವು. ಅವು ಫಲಿಸಲಿಲ್ಲ. ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಇವರೆಲ್ಲರಿಗೂ ಇನ್ಸುಲಿನ್ ಬೇಕಾಗುವುದಿಲ್ಲವೆಂಬುದು ನಿಜ. ಬೇಕಾದವರಲ್ಲಿ ಅನೇಕರು ನೋವಿಗೆ ಅಂಜಿ, ಸಂಕೋಚಪಟ್ಟು, ಅಥವಾ ಔಷಧವನ್ನು ತಣ್ಣಗಿಡುವ ಅನುಕೂಲವಿಲ್ಲದೆ ಚಿಕಿತ್ಸೆಯನ್ನು ಮುಂದೂಡುತ್ತಾರೆ. ಹಾಗೆ ಮುಂದೂಡಿದ ವರುಷಗಳಲ್ಲಿ ಕಣ್ಣು, ಮೂತ್ರಪಿಂಡ ಮತ್ತು ನರಗಳಿಗೆ ಆಗುವ ಕೇಡನ್ನು ಅನಂತರ ಸರಿಪಡಿಸಲು ಬಹುಮಟ್ಟಿಗೆ ಸಾಧ್ಯವಾಗುವುದಿಲ್ಲ.

ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳು ಆಗಾಗ್ಗೆ ಕೇಳುವ ಪ್ರಶ್ನೆಯೊಂದುಂಟು: ತಲೆನೋವಿನ ಗುಳಿಗೆಯನ್ನು ನುಂಗುವಂತೆ ಇನ್ಸುಲಿನ್ನನ್ನು ಏಕೆ ನುಂಗಬಾರದು? ಪ್ರಕೃತ ಲೇಖನದಲ್ಲಿ ಮೊದಲು ಈ ಪ್ರಶ್ನೆಗೆ ಉತ್ತರ ಕೊಟ್ಟು, ಬಳಿಕ ಈಚಿನ ವರ್ಷಗಳಲ್ಲಿ ಅಯಾನಿಕ ದ್ರವಗಳೆಂಬ ವಿಶೇಷ ಲವಣಗಳ ಸಹಾಯದಿಂದ ಈ ತೊಡಕನ್ನು ಬಿಡಿಸಲು ನಡೆದಿರುವ ಕೆಲಸವನ್ನು ವಿವರಿಸುತ್ತೇವೆ. ಆ ಕೆಲಸದಲ್ಲಿ ಸಿದ್ಧವಾದುದೆಷ್ಟು, ಸಿದ್ಧವಾಗಬೇಕಾದುದೆಷ್ಟು ಎಂಬುದನ್ನು ಕೊನೆಯಲ್ಲಿ ಪರಿಶೀಲಿಸೋಣ.

2. ಅಣುವಿನ ಗಾತ್ರ ಮತ್ತು ಕರುಳಿನ ತಡೆಗಳು

ನಾವು ನುಂಗುವ ಸಾಮಾನ್ಯ ಔಷಧಗಳ ಅಣುಗಳು ಚಿಕ್ಕವು. ಪ್ಯಾರಾಸಿಟಮಾಲಿನ ಅಣುತೂಕ 151, ಆಸ್ಪಿರಿನ್ನಿನದು 180, ಮಧುಮೇಹದಲ್ಲಿ ಗುಳಿಗೆಯಾಗಿ ಕೊಡುವ ಮೆಟ್‌ಫಾರ್ಮಿನ್ನಿನದು 129. ಬಾಯಿಯ ಮೂಲಕ ಫಲಿಸಬಲ್ಲ ಔಷಧಗಳ ಲಕ್ಷಣಗಳನ್ನು ಕ್ರಿಸ್ಟೋಫರ್ ಲಿಪಿನ್‌ಸ್ಕಿ ಎಂಬ ರಸಾಯನಜ್ಞರು 1997ರಲ್ಲಿ ಕ್ರೋಡೀಕರಿಸಿದರು. ಅವರ ಸೂತ್ರದಂತೆ ಅಣುತೂಕ 500ನ್ನು ಮೀರಿದರೆ ಹೀರಿಕೆ ಕುಂದುವ ಸಂಭವ ಹೆಚ್ಚು. ಇನ್ಸುಲಿನ್ನಿನ ಅಣುತೂಕವಾದರೋ ಸುಮಾರು 5,808. ಇದರಲ್ಲಿ 21 ಅಮೈನೋ ಆಮ್ಲಗಳ ಒಂದು ಸರಪಣಿಯೂ 30 ಅಮೈನೋ ಆಮ್ಲಗಳ ಮತ್ತೊಂದು ಸರಪಣಿಯೂ ಗಂಧಕದ ಸೇತುವೆಗಳಿಂದ ಕೂಡಿಕೊಂಡಿವೆ. ಈ ಅನುಕ್ರಮವನ್ನು 1955ರ ವೇಳೆಗೆ ಪೂರ್ಣವಾಗಿ ಗೊತ್ತುಮಾಡಿದವರು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್. ಇನ್ನು ಪ್ರತಿಕಾಯ ಜಾತಿಯ ಔಷಧಗಳ ಅಣುತೂಕವು ಒಂದೂವರೆ ಲಕ್ಷದ ಆಸುಪಾಸಿನಲ್ಲಿದೆ. ಆಸ್ಪಿರಿನ್ನನ್ನು ಒಂದು ಸಾಸಿವೆ ಕಾಳಿನಷ್ಟು ತೂಕವೆಂದು ಭಾವಿಸಿದರೆ ಇನ್ಸುಲಿನ್ ಮೂವತ್ತೆರಡು ಸಾಸಿವೆಗಳ ತೂಕ. ಪ್ರತಿಕಾಯವು ಎಂಟುನೂರು ಸಾಸಿವೆಗಳಿಗೂ ಮಿಕ್ಕಿದ ತೂಕ.

ಆದರೆ ಗಾತ್ರವೊಂದೇ ಅಡ್ಡಿಯಲ್ಲ. ಇನ್ಸುಲಿನ್ ಒಂದು ಪ್ರೋಟೀನು. ಪ್ರೋಟೀನನ್ನು ಒಡೆದು ಅಮೈನೋ ಆಮ್ಲಗಳಾಗಿ ಮಾಡುವುದೇ ಜೀರ್ಣಾಂಗಗಳ ಕರ್ತವ್ಯ. ತೊಗರಿಬೇಳೆಯ ಪ್ರೋಟೀನಿಗೂ ಔಷಧದ ಪ್ರೋಟೀನಿಗೂ ಅವು ಭೇದವೆಣಿಸುವುದಿಲ್ಲ. ಜಠರದಲ್ಲಿ ಪ್ರಬಲವಾದ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಕಾದಿವೆ. ಅದನ್ನು ದಾಟಿ ಸಣ್ಣ ಕರುಳಿಗೆ ಬಂದರೆ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಮೊದಲಾದ ಕಿಣ್ವಗಳು ಪೆಪ್ಟೈಡ್ ಬಂಧಗಳನ್ನು ಜಲವಿಶ್ಲೇಷಣೆಗೆ ಗುರಿಮಾಡುತ್ತವೆ. ಇದು ಮೊದಲನೆಯ ತಡೆ.

ಎರಡನೆಯ ತಡೆಯು ಲೋಳೆಯ ಪದರ. ಕರುಳಿನ ಒಳಮೈಯನ್ನು ಮ್ಯೂಸಿನ್ ಎಂಬ ಸಕ್ಕರೆಗೂಡಿದ ಪ್ರೋಟೀನುಗಳ ಜಾಲವು ಹೊದ್ದಿದೆ. ಚಿಕ್ಕ ಅಣುಗಳು ಈ ಜಾಲದ ಕಣ್ಣುಗಳಲ್ಲಿ ಸುಲಭವಾಗಿ ನುಸುಳುತ್ತವೆ. ದೊಡ್ಡವು ನಿಧಾನವಾಗಿ ಸರಿಯುತ್ತವೆ, ಇಲ್ಲವೆ ಅಂಟಿಕೊಳ್ಳುತ್ತವೆ. ಲೋಳೆಯು ಸದಾ ಸವೆದು ಹೊಸದಾಗುತ್ತಿರುವುದರಿಂದ ಹಾಗೆ ಸಿಕ್ಕಿಬಿದ್ದ ಔಷಧವು ಲೋಳೆಯೊಡನೆಯೇ ಕೊಚ್ಚಿಹೋಗುತ್ತದೆ.

ಮೂರನೆಯದು ಜೀವಕೋಶಗಳ ಗೋಡೆ. ಇದು ಒಂದೇ ಒಂದು ಕೋಶದಷ್ಟು ದಪ್ಪವಾದುದಾದರೂ ದಾಟಲು ಬಲು ಕಷ್ಟವಾದುದು. ದಾಟಲು ಇರುವ ಹಾದಿಗಳು ಮುಖ್ಯವಾಗಿ ಎರಡು. ಕೋಶದೊಳಗಿಂದಲೇ ಹಾಯುವುದು ಒಂದು. ಇದಕ್ಕೆ ಅಣುವು ಕೋಶಪೊರೆಯ ಮೇದಸ್ಸಿನಲ್ಲಿ ಕರಗಬೇಕು. ನೀರನ್ನು ಮೆಚ್ಚುವ, ವಿದ್ಯುದಂಶವನ್ನು ಹೊತ್ತ ಇನ್ಸುಲಿನ್ನಿಗೆ ಈ ಹಾದಿ ಬಹುಮಟ್ಟಿಗೆ ಮುಚ್ಚಿದೆ. ಕೋಶ ಕೋಶಗಳ ನಡುವಣ ಸಂದಿಯಲ್ಲಿ ನುಸುಳುವುದು ಇನ್ನೊಂದು. ಆದರೆ ನೆರೆಹೊರೆಯ ಕೋಶಗಳನ್ನು ಅವುಗಳ ಮೇಲಂಚಿನಲ್ಲಿ ಪ್ರೋಟೀನುಗಳ ಬಿಗಿಬೆಸುಗೆಯೊಂದು ಸುತ್ತಲೂ ಹೊಲಿದಂತೆ ಕೂಡಿಸಿದೆ. ಆ ಹೊಲಿಗೆಯ ರಂಧ್ರಗಳು ಸುಮಾರು ಒಂದು ನ್ಯಾನೋಮೀಟರಿನ ಮಟ್ಟದವು. ಇನ್ಸುಲಿನ್ನಿನ ಬಿಡಿ ಅಣುವಿನ ಅಡ್ಡಳತೆ ಎರಡರಿಂದ ಮೂರು ನ್ಯಾನೋಮೀಟರು. ಸತುವಿನ ಸನ್ನಿಧಿಯಲ್ಲಿ ಆರು ಅಣುಗಳು ಒಂದುಗೂಡಿದಾಗ ಅದು ಇನ್ನೂ ದೊಡ್ಡದಾಗುತ್ತದೆ.

ಈ ಮೂರು ತಡೆಗಳು ವೈದ್ಯನಿಗೆ ಅಡ್ಡಿಯೆಂದು ತೋರಿದರೂ ದೇಹಕ್ಕೆ ಅವು ರಕ್ಷೆ. ಅಸಂಖ್ಯ ಸೂಕ್ಷ್ಮಾಣುಜೀವಿಗಳೂ ಅವುಗಳ ವಿಷಗಳೂ ಕರುಳಿನೊಳಗಿವೆ. ಅವು ರಕ್ತಕ್ಕೆ ಸೇರದಂತೆ ಕಾಯುತ್ತಿರುವುದು ಇದೇ ಗೋಡೆ. ಆದುದರಿಂದ ಗೋಡೆಯನ್ನು ಹೇಗಾದರೂ ತೆರೆದರಾಯಿತೆಂಬ ಉಪಾಯವು ಉಪಾಯವೇ ಅಲ್ಲ. ಬೇಕಾದಷ್ಟು ಹೊತ್ತು, ಬೇಕಾದಷ್ಟು ಮಾತ್ರ ತೆರೆದು, ಮತ್ತೆ ಮುಚ್ಚಿಕೊಳ್ಳುವಂತಿರಬೇಕು. ಸಮಸ್ಯೆಯ ತಿರುಳು ಇಲ್ಲಿದೆ.

ಬಾಯಿಯ ಹಾದಿಗೆ ಅನುಕೂಲವಾದ ಅಂಶವೂ ಒಂದುಂಟು. ಆರೋಗ್ಯವಂತನಲ್ಲಿ ಮೇದೋಜೀರಕಾಂಗವು ಸ್ರವಿಸಿದ ಇನ್ಸುಲಿನ್ ಮೊದಲು ಯಕೃತ್ತನ್ನು ಮುಟ್ಟಿ ಅನಂತರ ದೇಹದ ಉಳಿದೆಡೆಗೆ ಹರಡುತ್ತದೆ. ಚರ್ಮದಡಿಗೆ ಚುಚ್ಚಿದ ಇನ್ಸುಲಿನ್ ಈ ಕ್ರಮವನ್ನು ತಪ್ಪಿಸುತ್ತದೆ. ಕರುಳಿನಿಂದ ಹೀರಿಕೆಯಾದುದಾದರೆ ಯಕೃತ್ತಿಗೆ ರಕ್ತವನ್ನೊಯ್ಯುವ ಅದೇ ಸಿರೆಯ ಮೂಲಕ ಸಾಗಿ, ಸಹಜವಾದ ಹಾದಿಯನ್ನೇ ಅನುಸರಿಸುತ್ತದೆ.

3. ಅಯಾನಿಕ ದ್ರವವೆಂದರೇನು?

ಅಡಿಗೆಯ ಉಪ್ಪು 801 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದರಲ್ಲಿ ಚಿಕ್ಕದಾಗಿಯೂ ದುಂಡಾಗಿಯೂ ಇರುವ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಒಂದರ ಪಕ್ಕದಲ್ಲೊಂದು ಒತ್ತಾಗಿ ಕುಳಿತಿವೆ. ಧನ ಋಣಗಳ ಸೆಳೆತವು ಪ್ರಬಲವಾಗಿದೆ. ಆ ಜೋಡಣೆಯನ್ನು ಸಡಿಲಿಸಲು ಅಷ್ಟೊಂದು ಶಾಖ ಬೇಕು. ಈಗ ಈ ಅಯಾನುಗಳ ಬದಲು ದೊಡ್ಡವೂ ವಕ್ರಾಕಾರದವೂ ಆದ ಅಯಾನುಗಳನ್ನು ಇಟ್ಟರೆ ಏನಾಗುತ್ತದೆ? ಇಟ್ಟಿಗೆಗಳನ್ನು ಒಪ್ಪವಾಗಿ ಪೇರಿಸಬಹುದು, ಕಾಡುಕಲ್ಲುಗಳನ್ನು ಪೇರಿಸಲಾಗದು. ವಿದ್ಯುದಂಶವು ಹಲವು ಪರಮಾಣುಗಳ ಮೇಲೆ ಹರಡಿರುವುದರಿಂದ ಸೆಳೆತವೂ ಕುಂದುತ್ತದೆ. ಹೀಗಾಗಿ ಲವಣವು ಸಾಧಾರಣ ಉಷ್ಣತೆಯಲ್ಲಿಯೇ ದ್ರವವಾಗಿ ಉಳಿಯಬಲ್ಲದು. 100 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕರಗುವ ಲವಣಗಳನ್ನು ಅಯಾನಿಕ ದ್ರವಗಳೆಂದು ಕರೆಯುವುದು ವಾಡಿಕೆಯಾಗಿದೆ. ಉಪ್ಪುನೀರಿಗೂ ಇದಕ್ಕೂ ಇರುವ ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಉಪ್ಪುನೀರಿನಲ್ಲಿ ಅಯಾನುಗಳು ನೀರಿನಲ್ಲಿ ಚದರಿವೆ. ಅಯಾನಿಕ ದ್ರವದಲ್ಲಿ ಅಯಾನುಗಳೇ ದ್ರವ.

1914ರಲ್ಲಿ ಪಾಲ್ ವಾಲ್ಡನ್ ಎಂಬ ರಸಾಯನಜ್ಞರು ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣವು 12 ಡಿಗ್ರಿಯಲ್ಲಿಯೇ ಕರಗುವುದನ್ನು ವರದಿಮಾಡಿದರು. ಇದು ಬಹುಕಾಲ ಒಂದು ಸೋಜಿಗವಾಗಿಯೇ ಉಳಿಯಿತು. 1992ರಲ್ಲಿ ವಿಲ್ಕ್ಸ್ ಮತ್ತು ಜವರೋಟ್ಕೊ ಎಂಬುವರು ಗಾಳಿ ನೀರುಗಳಿಗೆ ಕೆಡದಂತಹ ಅಯಾನಿಕ ದ್ರವಗಳನ್ನು ಸಿದ್ಧಪಡಿಸಿದ ಮೇಲೆ ಇವುಗಳ ಅಧ್ಯಯನ ವಿಸ್ತಾರವಾಯಿತು. ಆದರೆ ಆ ದ್ರವಗಳಲ್ಲಿ ಹಲವು ಜೀವಕೋಶಗಳಿಗೆ ವಿಷಕಾರಿ. ಔಷಧದೊಡನೆ ಅವುಗಳನ್ನು ಕೊಡುವ ಮಾತೇ ಇಲ್ಲ. ಧನಾಯಾನು ಋಣಾಯಾನುಗಳೆರಡನ್ನೂ ನಾವೇ ಆರಿಸಬಹುದಾದುದರಿಂದ, ದೇಹಕ್ಕೆ ಒಗ್ಗುವ ಅಯಾನುಗಳನ್ನೇ ಆರಿಸಿದರೆ ಹೇಗೆ ಎಂಬ ಆಲೋಚನೆ ಈ ಶತಮಾನದಲ್ಲಿ ಬೆಳೆಯಿತು.

4. ಕೋಲಿನ್ ಮತ್ತು ಜೆರಾನಿಕ್ ಆಮ್ಲ

ಇಂತಹ ಆಯ್ಕೆಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದುದು ಕೋಲಿನ್ ಜೆರನೇಟ್. ಇಂಗ್ಲಿಷಿನ ಮೊದಲಕ್ಷರಗಳಿಂದ ಇದಕ್ಕೆ ಕೇಜ್ ಎಂಬ ಹೆಸರು ರೂಢಿಯಲ್ಲಿದೆ. ಮುಂದೆ ನಾವೂ ಅದನ್ನೇ ಬಳಸುತ್ತೇವೆ. ಇದನ್ನು ಬಳಕೆಗೆ ತಂದವರು ಸಮೀರ್ ಮಿತ್ರಗೋತ್ರಿ ಮತ್ತು ಅವರ ಸಹೋದ್ಯೋಗಿಗಳು. ಮುಂಬಯಿಯಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿ ಅಮೆರಿಕೆಗೆ ತೆರಳಿದ ಮಿತ್ರಗೋತ್ರಿಯವರು ಮೊದಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಕೇಂದ್ರದಲ್ಲಿಯೂ ಬಳಿಕ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿಯೂ ಕೆಲಸಮಾಡಿದವರು. 2014ರಲ್ಲಿ ಅವರ ತಂಡವು ಚರ್ಮದ ಮೂಲಕ ಔಷಧವನ್ನು ಹಾಯಿಸಲು ಅಯಾನಿಕ ದ್ರವಗಳನ್ನು ಪರೀಕ್ಷಿಸಿತು. ಚರ್ಮದಿಂದ ಕರುಳಿಗೆ ಗಮನ ತಿರುಗಿದುದು ಆಮೇಲೆ.

ಇದರ ಎರಡು ಘಟಕಗಳೂ ನಮಗೆ ಅಪರಿಚಿತವಲ್ಲ. ಕೋಲಿನ್ ಒಂದು ಪೋಷಕ ದ್ರವ್ಯ. ಮೊಟ್ಟೆಯ ಹಳದಿಯಲ್ಲಿ ಹೇರಳವಾಗಿದೆ. ನಮ್ಮ ಕೋಶಪೊರೆಗಳ ಲೆಸಿತಿನ್ನಿನಲ್ಲಿಯೂ ನರಸಂದೇಶವನ್ನೊಯ್ಯುವ ಅಸಿಟೈಲ್ ಕೋಲಿನ್ನಿನಲ್ಲಿಯೂ ಅದೇ ಅಂಗವಾಗಿದೆ. ಜೆರಾನಿಕ್ ಆಮ್ಲವು ಹತ್ತು ಇಂಗಾಲ ಪರಮಾಣುಗಳ ಒಂದು ಸಾವಯವ ಆಮ್ಲ. ಮಜ್ಜಿಗೆಹುಲ್ಲಿನ ತೈಲದಲ್ಲಿ ಪ್ರಧಾನವಾಗಿರುವ ಸಿಟ್ರಾಲ್‌ಗೆ ಇದು ಹತ್ತಿರದ ಬಂಧು. ಏಲಕ್ಕಿಯಲ್ಲಿಯೂ ಮಜ್ಜಿಗೆಹುಲ್ಲಿನಲ್ಲಿಯೂ ಸಹಜವಾಗಿ ದೊರೆಯುತ್ತದೆ. ಆಹಾರಕ್ಕೆ ಪರಿಮಳ ಕೊಡಲು ಬಳಕೆಯಲ್ಲಿದೆ. ಮಲೆನಾಡಿನ ಏಲಕ್ಕಿಯ ಕಂಪನ್ನು ಬಲ್ಲ ವಾಚಕರಿಗೆ ಈ ಹೆಸರು ನೆನಪಿನಲ್ಲುಳಿಯುವುದು ಕಷ್ಟವಾಗಲಾರದು. ಸಹಜ ವಸ್ತುವೆಂದ ಮಾತ್ರಕ್ಕೆ ನಿರುಪದ್ರವಿಯೆಂದು ಎಣಿಸಕೂಡದೆಂಬುದನ್ನು ಮಾತ್ರ ಇಲ್ಲಿಯೇ ಹೇಳಿಬಿಡುವುದು ಲೇಸು.

ತಯಾರಿಕೆಯ ವಿಧಾನವು ಸರಳ. ಕೋಲಿನ್ ಬೈಕಾರ್ಬೊನೇಟಿನ ಒಂದು ಭಾಗಕ್ಕೆ ಜೆರಾನಿಕ್ ಆಮ್ಲದ ಎರಡು ಭಾಗಗಳನ್ನು, ಮೋಲ್ ಲೆಕ್ಕದಲ್ಲಿ, ಬೆರೆಸುತ್ತಾರೆ. ಇಂಗಾಲದ ಡೈ ಆಕ್ಸೈಡು ಗುಳ್ಳೆಗಳಾಗಿ ಹೊರಬೀಳುತ್ತದೆ. ನೀರನ್ನು ಕಡಮೆ ಒತ್ತಡದಲ್ಲಿ ಆವಿಯಾಗಿಸಿ ತೆಗೆದರೆ ಮಂದವಾದ ದ್ರವ ಉಳಿಯುತ್ತದೆ. ತೂಕದ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು: ಬೈಕಾರ್ಬೊನೇಟು 165 ಗ್ರಾಂ, ಆಮ್ಲ 336 ಗ್ರಾಂ, ಒಟ್ಟು 501 ಗ್ರಾಂ; ಇದರಲ್ಲಿ ಹೊರಹೋಗುವ ಅನಿಲ 44 ಗ್ರಾಂ, ಕ್ರಿಯೆಯಲ್ಲಿ ಹುಟ್ಟುವ ನೀರು 18 ಗ್ರಾಂ; ಉಳಿಯುವುದು 439 ಗ್ರಾಂ. ಆಮ್ಲದ ಎರಡು ಭಾಗಗಳಲ್ಲಿ ಒಂದು ಮಾತ್ರ ಪ್ರೋಟಾನನ್ನು ಬಿಟ್ಟುಕೊಟ್ಟು ಜೆರನೇಟ್ ಅಯಾನಾಗುತ್ತದೆ. ಇನ್ನೊಂದು ಆಮ್ಲವಾಗಿಯೇ ಉಳಿದು ಜಲಜನಕ ಬಂಧಗಳಿಂದ ಕೂಡಿಕೊಂಡಿರುತ್ತದೆ. ಆದುದರಿಂದ ಇದನ್ನು ಶುದ್ಧ ಅಯಾನಿಕ ದ್ರವವೆನ್ನುವ ಬದಲು, ಬೆರೆತಾಗ ಕರಗುವ ಬಿಂದು ಬಹಳವಾಗಿ ಇಳಿಯುವ ದ್ರಾವಕಗಳ ಗುಂಪಿಗೆ ಸೇರಿಸಬೇಕೆಂಬ ಅಭಿಪ್ರಾಯವೂ ಉಂಟು. ಸಂಶೋಧಕರೇ ಈ ಎರಡು ಹೆಸರುಗಳನ್ನೂ ಬಳಸಿದ್ದಾರೆ.

5. 2018ರ ಪ್ರಯೋಗಗಳು

2018ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮಿತ್ರಗೋತ್ರಿಯವರ ತಂಡವು ಇನ್ಸುಲಿನ್ನನ್ನು ಕೇಜ್ ದ್ರವದೊಡನೆ ಬಾಯಿಯ ಮೂಲಕ ಕೊಡುವ ವಿಚಾರವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿತು. ಮೇಲ್ಕಂಡ ಮೂರು ತಡೆಗಳನ್ನು ಅವರು ಒಂದೊಂದಾಗಿ ಪರೀಕ್ಷಿಸಿದರು. ಕೇಜ್ ಇರುವೆಡೆ ಕಿಣ್ವಗಳು ಇನ್ಸುಲಿನ್ನನ್ನು ಒಡೆಯುವುದು ಕುಂದಿತು. ಲೋಳೆಯು ಕೇಜ್‌ನ ಸಂಪರ್ಕದಿಂದ ತೆಳುವಾಯಿತು. ಕೋಶಗಳ ನಡುವಣ ಸಂದಿಯಲ್ಲಿ ಇನ್ಸುಲಿನ್ನಿನ ಸಾಗಣೆ ಗಣನೀಯವಾಗಿ ಹೆಚ್ಚಿತು.

ಈ ಕೊನೆಯದನ್ನು ಅಳೆಯುವ ಬಗೆಯನ್ನು ಸ್ವಲ್ಪ ವಿವರಿಸುವುದು ಉಚಿತ. ಕರುಳಿನ ಗೋಡೆಯಂತೆ ಒತ್ತಾಗಿ ಬೆಳೆಯುವ ಮಾನವ ಜೀವಕೋಶಗಳನ್ನು ರಂಧ್ರಮಯವಾದ ಒಂದು ಪೊರೆಯ ಮೇಲೆ ಒಂದೇ ಪದರವಾಗಿ ಬೆಳೆಸುತ್ತಾರೆ. ಪದರದ ಮೇಲೂ ಕೆಳಗೂ ದ್ರಾವಣವನ್ನಿಟ್ಟು ಅದರ ವಿದ್ಯುನ್ನಿರೋಧವನ್ನು ಅಳೆಯುತ್ತಾರೆ. ಬೆಸುಗೆ ಬಿಗಿಯಾಗಿದ್ದರೆ ಅಯಾನುಗಳು ಹಾಯಲಾರವು, ನಿರೋಧ ಹೆಚ್ಚು. ಬೆಸುಗೆ ಸಡಿಲವಾದರೆ ನಿರೋಧ ಇಳಿಯುತ್ತದೆ. ದ್ರವವನ್ನು ತೊಳೆದ ಮೇಲೆ ನಿರೋಧ ಮತ್ತೆ ಏರಿದರೆ ಬೆಸುಗೆಯು ಮತ್ತೆ ಮುಚ್ಚಿಕೊಂಡಿತೆಂದೂ, ಏರದಿದ್ದರೆ ಕೋಶಗಳಿಗೇ ಕೇಡಾಯಿತೆಂದೂ ತಿಳಿಯಬಹುದು. ಪದವಿ ತರಗತಿಯಲ್ಲಿ ನಾವು ಕಲಿಸುವ ವಿದ್ಯುದ್ವಾಹಕತೆಯ ಪಾಠವೇ ಇಲ್ಲಿ ಜೀವಶಾಸ್ತ್ರದ ಸೇವೆಗೆ ಒದಗಿದೆ.

ಬಳಿಕ ಇಲಿಗಳ ಮೇಲಿನ ಪ್ರಯೋಗ. ಸಣ್ಣ ಕರುಳಿನ ನಡುಭಾಗಕ್ಕೆ ನೇರವಾಗಿ, ದೇಹತೂಕದ ಕಿಲೋಗ್ರಾಮಿಗೆ 3ರಿಂದ 10 ಯೂನಿಟ್ಟುಗಳಷ್ಟು ಇನ್ಸುಲಿನ್ನನ್ನು ಕೇಜ್‌ನಲ್ಲಿ ಬೆರೆಸಿ ಕೊಟ್ಟಾಗ ರಕ್ತದ ಸಕ್ಕರೆ ಸ್ಪಷ್ಟವಾಗಿ ಇಳಿಯಿತು. ಚುಚ್ಚುಮದ್ದಿನ ಪರಿಣಾಮವು ಬೇಗ ಮುಗಿದರೆ ಇದರ ಪರಿಣಾಮವು 12 ಗಂಟೆಗಳವರೆಗೂ ಉಳಿಯಿತು. ಮುಂದಿನ ಹಂತದಲ್ಲಿ ಜಠರದ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವಂತಹ ಹೊದಿಕೆಯುಳ್ಳ ಕ್ಯಾಪ್ಸೂಲುಗಳಲ್ಲಿ ತುಂಬಿ, ಕಿಲೋಗ್ರಾಮಿಗೆ 10 ಯೂನಿಟ್ಟುಗಳಂತೆ ಹೊಟ್ಟೆಗೆ ಕೊಟ್ಟರು. ಆಗ ರಕ್ತದ ಸಕ್ಕರೆಯು ಶೇಕಡ 45ರವರೆಗೆ ಇಳಿದು ಹಾಗೆಯೇ ಬಹುಹೊತ್ತು ನಿಂತಿತು. ಮಿಶ್ರಣವು ಸಾಧಾರಣ ಉಷ್ಣತೆಯಲ್ಲಿ 2 ತಿಂಗಳೂ ಶೀತಪೆಟ್ಟಿಗೆಯಲ್ಲಿ ಕನಿಷ್ಠ 4 ತಿಂಗಳೂ ಕೆಡದೆ ಉಳಿಯಿತೆಂದು ಅವರು ವರದಿಮಾಡಿದ್ದಾರೆ. ವಿದ್ಯುತ್ತು ಆಗಾಗ್ಗೆ ಕೈಕೊಡುವ ಊರುಗಳಲ್ಲಿ ಇನ್ಸುಲಿನ್ನನ್ನು ಕಾಪಾಡುವ ಕಷ್ಟವನ್ನು ಬಲ್ಲವರು ಈ ಕೊನೆಯ ಅಂಶದ ಬೆಲೆಯನ್ನು ಅರಿಯಬಲ್ಲರು.

ಇದೇ ಮಾರ್ಗವನ್ನು ಇನ್ನೂ ದೊಡ್ಡ ಅಣುಗಳಿಗೂ ವಿಸ್ತರಿಸುವ ಯತ್ನ ನಡೆದಿದೆ. 2021ರಲ್ಲಿ ಅದೇ ತಂಡದವರು ಕೋಲಿನ್ ಮತ್ತು ಗ್ಲೈಕೋಲಿಕ್ ಆಮ್ಲದ ದ್ರವವನ್ನು ಬಳಸಿ, ಉರಿಯೂತವನ್ನು ತಗ್ಗಿಸುವ ಒಂದು ಪ್ರತಿಕಾಯವನ್ನು ಕರುಳಿನಲ್ಲಿ ಹಾಯಿಸಿದ ವಿವರಗಳನ್ನು ಪ್ರಕಟಿಸಿದರು.

6. ಕೆಲವು ಸಂದೇಹಗಳು

ಇಷ್ಟನ್ನು ಓದಿದ ವಾಚಕರು ಸಮಸ್ಯೆಯು ಬಿಡಿಸಿಹೋಯಿತೆಂದು ಭಾವಿಸಬಹುದು. ಹಾಗೆ ಭಾವಿಸಲು ಇನ್ನೂ ಕಾಲ ಬಂದಿಲ್ಲ. ಇಲಿಯ ಕರುಳು ಮನುಷ್ಯನ ಕರುಳಲ್ಲ; ಅದಕ್ಕೆ ಕೊಟ್ಟ ಪ್ರಮಾಣವನ್ನು ತೂಕದ ಲೆಕ್ಕದಿಂದ ಮಾತ್ರ ಮನುಷ್ಯನಿಗೆ ಹೊಂದಿಸಲೂ ಬರುವುದಿಲ್ಲ. ಇದಲ್ಲದೆ ನಮಗೆ ತೋರುವ ಮೂರು ಸಂದೇಹಗಳನ್ನು ಇಲ್ಲಿ ಮುಂದಿಡುತ್ತೇವೆ.

ಒಂದನೆಯದು ರಸಾಯನಶಾಸ್ತ್ರಕ್ಕೆ ಸಂಬಂಧಿಸಿದ್ದು. ಕ್ಯಾಪ್ಸೂಲು ಒಡೆದೊಡನೆ ಕೇಜ್ ದ್ರವವು ಕರುಳಿನ ನೀರಿನಲ್ಲಿ ಬೆರೆಯುತ್ತದೆ. ನೀರು ಹೆಚ್ಚಿದಂತೆ ಅದು ಅಯಾನಿಕ ದ್ರವವಾಗಿ ಉಳಿಯದೆ ನೀರಿನಲ್ಲಿ ಚದರಿದ ಅಯಾನುಗಳೂ ಅವುಗಳ ಗುಂಪುಗಳೂ ಆಗುತ್ತದೆ. ಹಾಗಾದರೆ ಫಲ ಕೊಟ್ಟುದು ಅಯಾನಿಕ ದ್ರವವೆಂಬ ಸ್ಥಿತಿಯೋ, ಅಥವಾ ಕೇವಲ ಜೆರನೇಟ್ ಅಯಾನೋ? ಸೋಡಿಯಂ ಕ್ಯಾಪ್ರೇಟ್ ಎಂಬ ಲವಣವು ಕರುಳಿನ ಬೆಸುಗೆಯನ್ನು ಸಡಿಲಿಸುವುದೆಂಬುದು ಹಿಂದಿನಿಂದಲೂ ಗೊತ್ತಿದೆ. ಕ್ಯಾಪ್ರಿಕ್ ಆಮ್ಲದಲ್ಲಿಯೂ ಜೆರಾನಿಕ್ ಆಮ್ಲದಲ್ಲಿಯೂ ಇಂಗಾಲದ ಪರಮಾಣುಗಳು ಹತ್ತೇ. ಮೊದಲನೆಯದು ನೇರ ಸರಪಣಿ. ಎರಡನೆಯದರಲ್ಲಿ ಎರಡು ಕವಲುಗಳೂ ಎರಡು ಜೋಡಿಬಂಧಗಳೂ ಉಂಟು. ಈ ಹೋಲಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ದ್ರವವು ಕರುಳಿನ ಗೋಡೆಯನ್ನು ಮುಟ್ಟುವ ಕ್ಷಣದಲ್ಲಿ ಎಷ್ಟು ಸಾಂದ್ರವಾಗಿರುತ್ತದೆ ಎಂಬುದರ ಮೇಲೆ ಉತ್ತರವು ನಿಂತಿದೆ.

ಎರಡನೆಯದು ಸುರಕ್ಷತೆಯ ಪ್ರಶ್ನೆ. ಇನ್ಸುಲಿನ್ ಒಂದು ದಿನದ ಔಷಧವಲ್ಲ. ದಿನಕ್ಕೆ ಹಲವು ಬಾರಿ, ಜೀವಮಾನವೆಲ್ಲ ಬೇಕಾಗಬಹುದು. ಇಲಿಗಳಲ್ಲಿ ಕರುಳಿಗೆ ಕೇಡು ಕಾಣಲಿಲ್ಲವೆಂದು ವರದಿಯಾಗಿದೆ. ಆದರೆ ಅದು ಅಲ್ಪಕಾಲದ ಪರೀಕ್ಷೆ. ಜೊತೆಗೆ ಕೇಜ್ ತಾನೇ ನಿಷ್ಕ್ರಿಯವಾದ ವಾಹನವಲ್ಲ. 2019ರಲ್ಲಿ ಅದೇ ತಂಡವು ಪ್ರಕಟಿಸಿದ ಇನ್ನೊಂದು ಪ್ರಬಂಧದಂತೆ, ಕೊಬ್ಬು ಹೆಚ್ಚಾದ ಆಹಾರವನ್ನು ತಿನ್ನುವ ಇಲಿಗಳಿಗೆ ಕೇಜ್ ಒಂದನ್ನೇ ಕೊಟ್ಟಾಗ ಕೊಬ್ಬಿನ ಹೀರಿಕೆ ಕುಂದಿ, ತೂಕದ ಏರಿಕೆಯು ಶೇಕಡ 12ರಷ್ಟು ಕಡಮೆಯಾಯಿತು. ಇದನ್ನು ಅವರು ಸ್ಥೂಲಕಾಯಕ್ಕೆ ಚಿಕಿತ್ಸೆಯಾಗಬಹುದೆಂದು ಮುಂದಿಟ್ಟಿದ್ದಾರೆ. ಆದರೆ ಇನ್ಸುಲಿನ್ ಬೇಕಾಗಿ ಬರುವ, ಮೊದಲೇ ಬಡಕಲಾಗಿರುವ ಬಾಲಕನೊಬ್ಬನಿಗೆ ಇದೇ ಗುಣವು ದೋಷವಾದೀತು.

7. ಪ್ರಮಾಣದ ಲೆಕ್ಕ

ಮೂರನೆಯ ಸಂದೇಹವು ಪ್ರಮಾಣಕ್ಕೆ ಸಂಬಂಧಿಸಿದ್ದು. ಇದೇ ಎಲ್ಲಕ್ಕಿಂತ ತೂಕವಾದುದೆಂದು ನಮ್ಮ ಅಭಿಪ್ರಾಯ. ಇನ್ಸುಲಿನ್ನಿನ ಒಂದು ಯೂನಿಟ್ಟು 0.0347 ಮಿಲಿಗ್ರಾಮಿಗೆ ಸಮ. ದಿನಕ್ಕೆ 40 ಯೂನಿಟ್ಟು ಬೇಕಾದವನಿಗೆ ರಕ್ತದಲ್ಲಿ ಬೇಕಾಗುವುದು ಸುಮಾರು 1.4 ಮಿಲಿಗ್ರಾಂ. ನುಂಗಿದುದರಲ್ಲಿ ಶೇಕಡ 2 ಮಾತ್ರ ಹೀರಿಕೆಯಾಗುವುದೆಂದು ಭಾವಿಸೋಣ. ಆಗ ಅವನು 70 ಮಿಲಿಗ್ರಾಂ, ಎಂದರೆ 2,000 ಯೂನಿಟ್ಟುಗಳನ್ನು ನುಂಗಬೇಕು. ಇದರ ವೆಚ್ಚವು ಒಂದು ಕಷ್ಟ. ಅದಕ್ಕಿಂತಲೂ ದೊಡ್ಡ ಕಷ್ಟ ಬೇರೆಯಿದೆ. ಹೀರಿಕೆಯು ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ; ಊಟ, ನೀರು, ಕರುಳಿನ ಚಲನೆ ಇವುಗಳಿಗನುಸಾರವಾಗಿ ಏರಿಳಿಯುತ್ತದೆ. ಒಂದು ದಿನ ಶೇಕಡ 1, ಇನ್ನೊಂದು ದಿನ ಶೇಕಡ 3 ಆಯಿತೆನ್ನಿರಿ. ಮೊದಲ ದಿನ ರಕ್ತಕ್ಕೆ ಸೇರಿದುದು 20 ಯೂನಿಟ್ಟು. ಎರಡನೆಯ ದಿನ 60. ಕಾಗದದ ಮೇಲೆ ಇದು ಶೇಕಡ ಒಂದರ ಏರುಪೇರು. ರೋಗಿಯ ಪಾಲಿಗಾದರೋ ಮೊದಲ ದಿನ ಸಕ್ಕರೆ ಏರಿ ಚಿಕಿತ್ಸೆ ನಿಷ್ಫಲ. ಎರಡನೆಯ ದಿನ ಸಕ್ಕರೆ ವಿಪರೀತ ಇಳಿದು ಪ್ರಜ್ಞೆ ತಪ್ಪುವ, ಪ್ರಾಣಕ್ಕೇ ಅಪಾಯವಾಗುವ ಸ್ಥಿತಿ. ಶೇಕಡ 40 ಹೀರಿಕೆಯಾಗುವ ಔಷಧದಲ್ಲಿ ಅದೇ ಶೇಕಡ ಒಂದರ ಏರುಪೇರು ಗಮನಕ್ಕೂ ಬಾರದು. ಆದುದರಿಂದ ಬಾಯಿಯ ಇನ್ಸುಲಿನ್ನಿಗೆ ಹೀರಿಕೆಯ ಸರಾಸರಿಯನ್ನು ಹೆಚ್ಚಿಸುವುದು ಎಷ್ಟು ಮುಖ್ಯವೋ, ಅದನ್ನು ದಿನದಿನವೂ ಸಮನಾಗಿರಿಸುವುದು ಅಷ್ಟೇ ಮುಖ್ಯ.

ಈ ದೃಷ್ಟಿಯಿಂದ ಬೇರೆ ಮಾರ್ಗಗಳನ್ನು ನೋಡಿದರೆ ವಿಷಯ ಇನ್ನೂ ವಿಶದವಾಗುತ್ತದೆ. ಸೆಮಾಗ್ಲುಟೈಡ್ ಎಂಬ ಪೆಪ್ಟೈಡ್ ಔಷಧದ ಅಣುತೂಕ ಸುಮಾರು 4,114. ಇದರ ಗುಳಿಗೆಗೆ 2019ರ ಸೆಪ್ಟೆಂಬರಿನಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಸಾಲ್ಕಪ್ರೊಜೇಟ್ ಸೋಡಿಯಂ ಎಂಬ ಸಹಾಯಕ ಲವಣದ 300 ಮಿಲಿಗ್ರಾಮುಗಳನ್ನು ಅದರೊಡನೆ ಕೂಡಿಸಿದ್ದರು. ಅಷ್ಟಾದರೂ ಹೀರಿಕೆಯಾಗುವುದು ಶೇಕಡ ಒಂದರ ಸುತ್ತಮುತ್ತ. ಚುಚ್ಚುಮದ್ದಾಗಿ ವಾರಕ್ಕೆ 1 ಮಿಲಿಗ್ರಾಂ ಸಾಕಾದರೆ ಗುಳಿಗೆಯಾಗಿ ದಿನಕ್ಕೆ 14 ಮಿಲಿಗ್ರಾಮಿನವರೆಗೆ ಬೇಕಾಯಿತು. ಆದರೂ ಇದು ಯಶಸ್ವಿಯಾಯಿತು. ಕಾರಣವೇನೆಂದರೆ ಈ ಔಷಧವು ದೇಹದಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು; ಒಂದು ದಿನದ ಕೊರತೆಯನ್ನು ಇನ್ನೊಂದು ದಿನದ ಹೆಚ್ಚಳವು ತುಂಬಿಕೊಡುತ್ತದೆ. ಕೆರೆಗೆ ಒಂದು ದಿನ ನೀರು ಕಡಮೆ ಬಂದರೆ ಮಟ್ಟ ಕಾಣುವಷ್ಟು ಇಳಿಯದು, ಬಿಂದಿಗೆಗಾದರೆ ಹಾಗಲ್ಲ. ಊಟದ ಹೊತ್ತಿನ ಇನ್ಸುಲಿನ್ ಬಿಂದಿಗೆಯ ನೀರು.

ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಸಂಸ್ಥೆಯು ಈ ತತ್ತ್ವವನ್ನೇ ಅನುಸರಿಸಿ, ದೇಹದಲ್ಲಿ ಬಹುಕಾಲ ಉಳಿಯುವ ಇನ್ಸುಲಿನ್ನೊಂದನ್ನು ಸೋಡಿಯಂ ಕ್ಯಾಪ್ರೇಟಿನೊಡನೆ ಗುಳಿಗೆಯಾಗಿ ಕೊಟ್ಟು ಪರೀಕ್ಷಿಸಿತು. 2019ರಲ್ಲಿ ಪ್ರಕಟವಾದ ಎಂಟು ವಾರಗಳ ಆ ಪರೀಕ್ಷೆಯಲ್ಲಿ ಗುಳಿಗೆಯು ಚುಚ್ಚುಮದ್ದಿಗೆ ಸರಿಗಟ್ಟಿತು. ಆದರೆ ಬೇಕಾದ ಪ್ರಮಾಣವು ಅತಿಯಾದುದರಿಂದ ವೆಚ್ಚಕ್ಕೆ ಅಂಜಿ ಕೆಲಸವನ್ನು ನಿಲ್ಲಿಸಲಾಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮಾರ್ಪಡಿಸಿದ ಇನ್ಸುಲಿನ್ನಿನ ಗುಳಿಗೆಯೊಂದನ್ನು ಭಾರತದಲ್ಲಿ ಮೂರನೆಯ ಹಂತದ ಪರೀಕ್ಷೆಯವರೆಗೆ ಕೊಂಡೊಯ್ದಿತು. 2011ರ ಜನವರಿಯಲ್ಲಿ ಪ್ರಕಟಿಸಿದಂತೆ ಆ ಪರೀಕ್ಷೆಯು ತನ್ನ ಪ್ರಧಾನ ಗುರಿಯನ್ನು ಮುಟ್ಟಲಿಲ್ಲ. 2023ರ ಜನವರಿಯಲ್ಲಿ ಇಸ್ರೇಲಿನ ಓರಮೆಡ್ ಸಂಸ್ಥೆಯ ಗುಳಿಗೆಯೂ ಮೂರನೆಯ ಹಂತದಲ್ಲಿ ಸೋತಿತು. ಈ ಸೋಲುಗಳನ್ನು ಹೇಳುವುದು ನಿರುತ್ಸಾಹ ಹುಟ್ಟಿಸಲೆಂದಲ್ಲ. ಇಲಿಗಳಲ್ಲಿ ಕಂಡ ಫಲಕ್ಕೂ ರೋಗಿಯ ಕೈ ಸೇರುವ ಗುಳಿಗೆಗೂ ನಡುವೆ ಇರುವ ದೂರವನ್ನು ಅವು ಅಳೆದುಕೊಟ್ಟಿವೆ.

8. ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಅಯಾನಿಕ ದ್ರವಗಳ ವಿಶೇಷವು ಕಿಣ್ವ, ಲೋಳೆ, ಕೋಶಗಳ ಬೆಸುಗೆ ಈ ಮೂರು ತಡೆಗಳನ್ನೂ ಒಂದೇ ವಸ್ತುವು ಏಕಕಾಲದಲ್ಲಿ ಎದುರಿಸುವುದರಲ್ಲಿದೆ. ಅಷ್ಟೇ ಅಲ್ಲದೆ ಅಯಾನುಗಳನ್ನು ಬದಲಾಯಿಸಿ ಗುಣಗಳನ್ನು ಬೇಕಾದಂತೆ ತಿದ್ದಿಕೊಳ್ಳುವ ಅವಕಾಶದಲ್ಲಿದೆ. ಪ್ರಾಣಿಗಳಲ್ಲಿ ಇದು ಫಲಿಸುವುದೆಂಬುದು ಸಿದ್ಧವಾಗಿದೆ. ಮನುಷ್ಯನಲ್ಲಿ ಹೀರಿಕೆಯು ಎಷ್ಟು, ಅದು ದಿನದಿನಕ್ಕೆ ಎಷ್ಟು ಏರಿಳಿಯುವುದು, ವರುಷಗಟ್ಟಲೆ ನುಂಗಿದರೆ ಕರುಳಿನ ಕಾವಲು ಹೇಗಿರುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರುವವರೆಗೆ ಇದನ್ನು ಔಷಧವೆನ್ನದೆ ಭರವಸೆಯೆನ್ನುವುದೇ ಸರಿ. ಇನ್ಸುಲಿನ್ ಚುಚ್ಚುಮದ್ದನ್ನು ತೆಗೆದುಕೊಳ್ಳುತ್ತಿರುವವರು ಇಂತಹ ಸುದ್ದಿಗಳನ್ನು ನಂಬಿ ಅದನ್ನು ಬಿಡಬಾರದೆಂದು ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗೂ ಅವರ ಮೂಲಕ ಮನೆಮನೆಗಳಿಗೂ ತಿಳಿಸಬೇಕು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇನ್ಸುಲಿನ್ನಿನ ಪರೀಕ್ಷೆ ಸಾಧ್ಯವಿಲ್ಲ. ಆದರೆ ಮೇಲೆ ಎತ್ತಿದ ಮೊದಲ ಸಂದೇಹದ ಒಂದು ಅಂಚನ್ನು ಅಲ್ಲಿಯೂ ಮುಟ್ಟಬಹುದು. ಅಯಾನಿಕ ದ್ರವವೊಂದಕ್ಕೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ, ಪ್ರತಿ ಸಲವೂ ಅದರ ವಿದ್ಯುದ್ವಾಹಕತೆಯನ್ನೂ ಸ್ನಿಗ್ಧತೆಯನ್ನೂ ಅಳೆದು ನಕ್ಷೆ ಬರೆಯಬೇಕು. ಮಂದವಾದ ದ್ರವದಲ್ಲಿ ಅಯಾನುಗಳು ತೆವಳುವುದರಿಂದ ವಾಹಕತೆ ಮೊದಲು ಕಡಮೆ. ನೀರು ಸೇರಿದಂತೆ ಏರುತ್ತದೆ. ಒಂದು ಹಂತದ ಮೇಲೆ ಅಯಾನುಗಳೇ ವಿರಳವಾಗಿ ಮತ್ತೆ ಇಳಿಯುತ್ತದೆ. ಆ ಶಿಖರವು ಎಲ್ಲಿ ಬರುತ್ತದೆ, ಅದರ ಆಚೆ ಈಚೆ ದ್ರವದ ಸ್ವಭಾವ ಹೇಗೆ ಬದಲಾಗುತ್ತದೆ ಎಂಬುದನ್ನು ಎಚ್ಚರಿಕೆಯಿಂದ ಗುರುತಿಸಿದ ವಿದ್ಯಾರ್ಥಿಯು ಕರುಳಿನಲ್ಲಿ ಒಡೆದ ಕ್ಯಾಪ್ಸೂಲಿನೊಳಗಿನ ದ್ರವಕ್ಕೆ ಏನಾಗುವುದೆಂಬ ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಕೇಳಲು ಕಲಿತಂತಾಗುತ್ತದೆ.